ಪಾಡ್‌ಕಾಸ್ಟ್ | ಬಾಲ್ ಯಾರ ಕೈಗೆ? ಬ್ಯಾಸ್ಕೆಟ್‌ಬಾಲ್ ಗೇಮ್‌ನಲ್ಲಿ ರೇಟಿಂಗ್ ಮಾಡೋ ಕೆಲಸ

ಬಸ್ಸಲ್ಲಿ ಇದ್ದೀರೋ, ಹಾಸ್ಟೆಲ್ ರೂಮಲ್ಲಿ ಇದ್ದೀರೋ, ಇಯರ್‌ಫೋನ್ ಹಾಕ್ಕೊಂಡು ಆರಾಮಾಗಿ ಕೂತ್ಕೊಳ್ಳಿ. ಇವತ್ತಿನ ಮಾತು ಒಂದು ಸಣ್ಣ ನಂಬರ್ ಬಗ್ಗೆ. ಗೇಮ್‌ನಲ್ಲಿ ಆಟಗಾರನ ಹೆಸರಿನ ಪಕ್ಕ 48, 73, 91 ಅಂತ ಇರುತ್ತಲ್ಲ, ಅದೇ ರೇಟಿಂಗ್.

ಹೋದ ತಿಂಗಳು ಮೊಬೈಲ್ ಬ್ರೌಸರ್‌ನಲ್ಲಿ 'ಬ್ಯಾಸ್ಕೆಟ್‌ಬಾಲ್ ಜಿಎಂ' ಆಡ್ತಾ ಇದ್ದೆ. ಇದರಲ್ಲಿ ನೀವು ಬಾಲ್ ಮುಟ್ಟೋದೇ ಇಲ್ಲ. ನೀವು ತಂಡದ ಮ್ಯಾನೇಜರ್. ಆಟಗಾರರನ್ನು ತಗೊಳ್ಳೋದು, ಬಿಡೋದು ಮಾತ್ರ ನಿಮ್ಮ ಕೆಲಸ, ಪಂದ್ಯವನ್ನು ಕಂಪ್ಯೂಟರ್ ಆಡಿಸುತ್ತೆ. ನಾನು ಸಾಲ ಮಾಡಿ ಮದುವೆ ಮಾಡೋರ ಥರ ಇದ್ದ ಡ್ರಾಫ್ಟ್ ಪಿಕ್‌ಗಳನ್ನೆಲ್ಲಾ ಕೊಟ್ಟು ಐದು ಜನ ದೊಡ್ಡ ಸ್ಕೋರರ್‌ಗಳನ್ನು ತಂದೆ. ಎಲ್ಲರ ರೇಟಿಂಗೂ ಭರ್ಜರಿ. ಆದರೆ ಪ್ಲೇಆಫ್ ಮೊದಲ ಸುತ್ತಲ್ಲೇ ಮನೆಗೆ! ಯಾಕೆ ಹೀಗಾಯ್ತು ಅಂತ ಹುಡುಕಿದೆ. ಈ ಗೇಮಿನ ಕೋಡ್ ಯಾರು ಬೇಕಾದರೂ ಓದುವ ಹಾಗೆ ತೆರೆದಿದೆ. ಅದರಲ್ಲಿ ಶಾಟ್ ಹೇಗೆ ತೀರ್ಮಾನ ಆಗುತ್ತೆ ಅನ್ನೋದನ್ನು ನಿಮಗೆ ಬಿಡಿಸಿ ಹೇಳ್ತೀನಿ.

ಪ್ರತಿ ಸಲ ಬಾಲ್ ಸಿಕ್ಕಾಗ ಗೇಮ್ ಕೇಳಿಕೊಳ್ಳುವ ಪ್ರಶ್ನೆ ಎರಡು. ಒಂದು, ಶಾಟ್ ಹೊಡೆಯೋದು ಯಾರು? ಎರಡು, ಎಂಥ ಶಾಟ್? ನಾವು ಸಾಮಾನ್ಯವಾಗಿ ಇವೆರಡನ್ನೂ ಒಂದೇ ಅಂದುಕೊಳ್ತೀವಿ. ಅಲ್ಲ.

ಮೊದಲನೇ ಪ್ರಶ್ನೆಗೆ ಉತ್ತರ 'ಯೂಸೇಜ್'. ಇಲ್ಲಿ ಪ್ರತಿ ಆಟಗಾರನಿಗೂ 15 ರೇಟಿಂಗ್ ಇರುತ್ತೆ. ಎತ್ತರ, ಬಲ, ವೇಗದಿಂದ ಹಿಡಿದು ಡಂಕ್, ಫ್ರೀ ಥ್ರೋ, ತ್ರೀ ಪಾಯಿಂಟರ್, ಡ್ರಿಬ್ಲಿಂಗ್, ಪಾಸಿಂಗ್‌ವರೆಗೆ. ಅವುಗಳಲ್ಲಿ ಸ್ಕೋರ್ ಮಾಡುವುದಕ್ಕೆ ಸಂಬಂಧಪಟ್ಟವನ್ನು ಬೆರೆಸಿ ಯೂಸೇಜ್ ಲೆಕ್ಕ ಹಾಕ್ತಾರೆ. ಅಂಕಣದಲ್ಲಿರುವ ಐವರಲ್ಲಿ ಯಾರ ಯೂಸೇಜ್ ಜಾಸ್ತಿಯೋ ಅವರಿಗೆ ಶಾಟ್ ಸಿಗುವ ಸಾಧ್ಯತೆ ಜಾಸ್ತಿ. ಒಂಥರಾ ಲಾಟರಿ, ಆದರೆ ಕೆಲವರ ಹತ್ತಿರ ಹೆಚ್ಚು ಚೀಟಿ ಇದೆ. ಸುಸ್ತಾದವನ ಚೀಟಿ ಕಮ್ಮಿ ಆಗುತ್ತೆ.

ಗಮನಿಸಿ, ಇದು ಪಕ್ಕದವರ ಜೊತೆಗಿನ ಹೋಲಿಕೆ. ನಾಲ್ವರು ಸಾಧಾರಣ ಆಟಗಾರರ ನಡುವೆ ಒಬ್ಬ ಸ್ಟಾರ್ ಇದ್ದರೆ ಬಾಲ್ ಅವನ ಕಡೆಗೇ ಹೆಚ್ಚು. ಐವರೂ ಸ್ಟಾರ್ ಆದರೆ? ಇರೋದು ಒಂದೇ ಬಾಲ್! ನನ್ನ ತಂಡದಲ್ಲಿ ಆಗಿದ್ದು ಅದೇ. ಐದು ಜನರ ಬೆಲೆ ಕೊಟ್ಟೆ, ಶಾಟ್‌ಗಳು ಮಾತ್ರ ಮೊದಲಿದ್ದಷ್ಟೇ. ಪಾಸ್ ಕೊಡೋರು, ರಿಬೌಂಡ್ ಹಿಡಿಯೋರು, ಎದುರಾಳಿಯನ್ನು ತಡೆಯೋರು ಯಾರೂ ಉಳಿದಿರಲಿಲ್ಲ.

ಈಗ ಎರಡನೇ ಪ್ರಶ್ನೆ. ಶಾಟ್ ಹೊಡೆಯೋನು ಗೊತ್ತಾದ ಮೇಲೆ ಗೇಮ್ ಮೊದಲು ಅವನ ತ್ರೀ ಪಾಯಿಂಟ್ ರೇಟಿಂಗ್ ನೋಡುತ್ತೆ. ರೇಟಿಂಗ್ ಎಷ್ಟು ಜಾಸ್ತಿಯೋ, ದೂರದಿಂದ ಎಸೆಯುವ ಸಾಧ್ಯತೆ ಅಷ್ಟು ಜಾಸ್ತಿ. ತ್ರೀ ಬೇಡ ಅಂತ ಆದರೆ ಉಳಿದ ಮೂರು ಬಗೆ ಪೈಪೋಟಿಗೆ ಇಳಿಯುತ್ವೆ: ಮಿಡ್-ರೇಂಜ್, ರಿಮ್ ಹತ್ತಿರ ನುಗ್ಗಿ ಹೊಡೆಯೋದು, ಲೋ ಪೋಸ್ಟ್‌ನಲ್ಲಿ ಬೆನ್ನು ಕೊಟ್ಟು ಆಡೋದು. ಇಲ್ಲೂ ರೇಟಿಂಗ್ ಜೊತೆ ಅದೃಷ್ಟ ಸೇರುತ್ತೆ. ಗೆದ್ದದ್ದು ಶಾಟ್ ಆಗುತ್ತೆ.

ಇಲ್ಲೊಂದು ಮಜಾ ಇದೆ. ಮಿಡ್-ರೇಂಜ್‌ಗೆ ಸ್ವಲ್ಪ ಕಡಿವಾಣ ಹಾಕಿದ್ದಾರೆ, ಉಳಿದೆರಡರಷ್ಟು ಸುಲಭವಾಗಿ ಅದು ಗೆಲ್ಲಲ್ಲ. ಕಾರಣ ಬೇಕಾ? ಸರಳ ಗಣಿತ. ಒಬ್ಬ ಮಿಡ್-ರೇಂಜ್‌ನಿಂದ 100ಕ್ಕೆ 42 ಹಾಕ್ತಾನೆ ಅಂದ್ಕೊಳ್ಳಿ, 84 ಪಾಯಿಂಟ್. ಅದೇ ಮನುಷ್ಯ ದೂರದಿಂದ 100ಕ್ಕೆ 36 ಹಾಕಿದರೂ 108 ಪಾಯಿಂಟ್. ಈ ಲೆಕ್ಕ ನಿಜವಾದ ಎನ್‌ಬಿಎಯನ್ನೂ ಬದಲಾಯಿಸಿತು. ಅಲ್ಲಿ ತ್ರೀ ಪಾಯಿಂಟ್ ಗೆರೆ ಬಂದಿದ್ದು 1979-80ರ ಸೀಸನ್‌ನಲ್ಲಿ. 2017-18ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡ ಟೂ ಪಾಯಿಂಟರ್‌ಗಿಂತ ಹೆಚ್ಚು ತ್ರೀ ಪಾಯಿಂಟರ್ ಎಸೆಯಿತು. ಅದೇ ವರ್ಷ ಸೆಮಿಫೈನಲ್‌ನಂಥ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ 7ನೇ ಪಂದ್ಯದಲ್ಲಿ ಸತತ 27 ತ್ರೀ ತಪ್ಪಿಸಿ ಸೋತಿತು ಕೂಡ. ಗಣಿತ ಸರಿ ಇದ್ದರೂ ಒಂದು ರಾತ್ರಿ ಕೈ ಕೊಡಬಹುದು. ಹಾಗಾಗಿಯೇ ಗೇಮ್‌ನಲ್ಲೂ ಅದೃಷ್ಟಕ್ಕೆ ಜಾಗ ಇಟ್ಟಿರೋದು.

ಸರಿ, ಚೆನ್ನಾಗಿ ಹೊಡೆಯೋನು ಜಾಸ್ತಿ ಹೊಡೀತಾನೆ, ಅಷ್ಟೇ ತಾನೇ? ಅಷ್ಟೇ ಅಲ್ಲ. ಸ್ಟೀವ್ ಕೆರ್ ಗೊತ್ತಲ್ಲ, ಈಗ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೋಚ್ ಅಂತ ಹೆಸರುವಾಸಿ. ಆಟಗಾರನಾಗಿ ಅವರ ತ್ರೀ ಪಾಯಿಂಟ್ ಸರಾಸರಿ 45.4 ಪರ್ಸೆಂಟ್. ಸ್ಟೆಫ್ ಕರಿಗಿಂತಲೂ ಜಾಸ್ತಿ! ಆದರೆ ಪಂದ್ಯಕ್ಕೆ ಎರಡು ತ್ರೀ ಕೂಡ ಎಸೆದವರಲ್ಲ. ಕರಿ 2015-16ರ ಒಂದೇ ಸೀಸನ್‌ನಲ್ಲಿ 402 ತ್ರೀ ಹಾಕಿದರು. ಕೆರ್ ಇಡೀ ವೃತ್ತಿಜೀವನದಲ್ಲಿ ಹಾಕಿದ್ದು 726. ಅಂದರೆ ಕೈಗುರಿ ಬೇರೆ, ತನ್ನ ಶಾಟ್ ತಾನೇ ಸೃಷ್ಟಿಸಿಕೊಳ್ಳೋ ಶಕ್ತಿ ಬೇರೆ. ಬ್ಯಾಸ್ಕೆಟ್‌ಬಾಲ್ ಜಿಎಂನಲ್ಲಿ ಕೆರ್ ಥರದವನಿಗೆ ತ್ರೀ ರೇಟಿಂಗ್ ಎತ್ತರ, ಉಳಿದದ್ದು ಕಮ್ಮಿ. ಹಾಗಾಗಿ ಯೂಸೇಜ್ ಕಮ್ಮಿ. ಅಪರೂಪಕ್ಕೆ ಶಾಟ್ ಸಿಗುತ್ತೆ, ಸಿಕ್ಕಾಗ ಬಹಳ ಸಲ ತ್ರೀ.

'ಎನ್‌ಬಿಎ 2ಕೆ' ಸರಣಿಯ ದಾರಿ ಬೇರೆ. ಅಲ್ಲಿ ಸಾಮರ್ಥ್ಯದ ನಂಬರ್ ಒಂದು ಕಡೆ, 'ಟೆಂಡೆನ್ಸಿ' ಅನ್ನೋ ನಂಬರ್ ಇನ್ನೊಂದು ಕಡೆ. ಮೊದಲನೆಯದು ಶಾಟ್ ಬೀಳುತ್ತಾ ಅಂತ ಹೇಳುತ್ತೆ. ಎರಡನೆಯದು ಇವನು ಎಸೀತಾನಾ, ನುಗ್ತಾನಾ ಅಂತ ಹೇಳುತ್ತೆ. ಕೈಲಾಗೋದು ಒಂದು, ಮನಸ್ಸಾಗೋದು ಇನ್ನೊಂದು. ಗುರಿ ಚೆನ್ನಾಗಿದ್ದೂ ಎಸೆಯದವನು, ಗುರಿ ಇಲ್ಲದಿದ್ದರೂ ಎಸೆಯುತ್ತಲೇ ಇರುವವನು, ಇಬ್ಬರನ್ನೂ ಹಾಗೆ ತೋರಿಸಬಹುದು.

ಈಗ ನನ್ನದೇ ಒಂದು ಕಥೆ. ಕಾಲೇಜು ತಂಡದಲ್ಲಿ ಮೊದಲ ವರ್ಷವೇ ಕೋಚ್ ಸರ್ ಹೇಳಿದ್ದರು, "ನಿನಗೆ ಶಾಟ್ ಇಲ್ಲ ಕಣೋ, ಸ್ಕ್ರೀನ್ ಹಾಕು, ರಿಬೌಂಡ್ ತಗೋ." ಮೂರು ವರ್ಷ ಅದನ್ನೇ ಮಾಡಿದೆ. ಎದುರಾಳಿಗಳಿಗೂ ಗೊತ್ತಾಯ್ತು. ನನ್ನನ್ನು ಬಿಟ್ಟು ಅವರ ಡಿಫೆಂಡರ್ ನಮ್ಮ ಕ್ಯಾಪ್ಟನ್ ಮೇಲೆ ಬೀಳೋನು. ಕೊನೇ ವರ್ಷ ಒಂದು ನಾಕೌಟ್ ಪಂದ್ಯ, ಒಂದು ಪಾಯಿಂಟ್ ಹಿಂದೆ ಇದ್ವಿ. ಮೂಲೆಯಲ್ಲಿ ಬಾಲ್ ನನ್ನ ಕೈಗೆ ಬಂತು. ಸುತ್ತ ಒಬ್ಬರೂ ಇಲ್ಲ. ನಾನು ಇಬ್ಬರ ನಡುವೆ ಸಿಕ್ಕಿಹಾಕಿಕೊಂಡಿದ್ದ ಕ್ಯಾಪ್ಟನ್‌ಗೇ ವಾಪಸ್ ಪಾಸ್ ಮಾಡಿದೆ. ಕಿತ್ಕೊಂಡ್ರು, ಮುಗೀತು. ಎಸೆದಿದ್ದರೆ ಬೀಳ್ತಿತ್ತು ಅಂತ ನಾನು ಹೇಳಲ್ಲ. ಎಸೆಯೋ ಯೋಚನೆಯೇ ಬರಲಿಲ್ಲ, ಅದೇ ಇವತ್ತಿಗೂ ಕೊರೆಯೋದು.

ರೇಟಿಂಗ್‌ನಲ್ಲಿ ಇರೋ ತೊಡಕು ಇದೇ. ರೇಟಿಂಗ್ ಕಮ್ಮಿ ಅಂತ ಶಾಟ್ ಕೊಡಲ್ಲ. ಶಾಟ್ ಕೊಡದಿದ್ದರೆ ಆ ರೇಟಿಂಗ್ ತಪ್ಪು ಅಂತ ಗೊತ್ತಾಗೋದು ಹೇಗೆ? ಬ್ರೂಕ್ ಲೋಪೆಜ್ ಅಂತ ಏಳಡಿ ಎತ್ತರದ ಸೆಂಟರ್. ಎನ್‌ಬಿಎಯಲ್ಲಿ ಮೊದಲ 8 ಸೀಸನ್‌ಗಳಲ್ಲಿ ಎಸೆದಿದ್ದು ಒಟ್ಟು 31 ತ್ರೀ, ಬಿದ್ದದ್ದು 3. ಆ ಅಂಕಿ ನೋಡಿ ನೀವಾದರೂ ಎಷ್ಟು ರೇಟಿಂಗ್ ಕೊಡ್ತಿದ್ರಿ? 2016-17ರಲ್ಲಿ ಬ್ರೂಕ್ಲಿನ್ ನೆಟ್ಸ್‌ಗೆ ಹೊಸ ಕೋಚ್ ಬಂದರು, ಲೋಪೆಜ್ ಗೆರೆಯಾಚೆ ನಿಂತು ಎಸೆಯೋಕೆ ಶುರು ಮಾಡಿದರು. ಆ ಒಂದೇ ಸೀಸನ್‌ನಲ್ಲಿ 134 ತ್ರೀ ಹಾಕಿದರು. ಆ 31 ಎಸೆತದ ಲೆಕ್ಕದಲ್ಲಿ ಇದರ ಸುಳಿವು ಎಲ್ಲೂ ಇರಲಿಲ್ಲ.

ಹಾಗಂತ ಗೇಮ್‌ಗಳು ದಡ್ಡ ಅಂತ ಅಲ್ಲ. ಅವಕ್ಕೆ ಒಂದು ನಂಬರ್ ಬೇಕೇ ಬೇಕು, ಇಲ್ಲದಿದ್ದರೆ ಆಟ ನಡೆಯಲ್ಲ. ನೀವು ಆಡುವಾಗ ಮೂರು ವಿಷಯ ನೆನಪಿಟ್ಟುಕೊಳ್ಳಿ. ಓವರಾಲ್ ನಂಬರ್ ನೋಡಿ ಮರುಳಾಗಬೇಡಿ, ಒಳಗಿನ ರೇಟಿಂಗ್ ತೆರೆದು ನೋಡಿ. ಬಾಲ್ ಬೇಡುವ ಒಬ್ಬಿಬ್ಬರ ಸುತ್ತ, ಬಾಲ್ ಇಲ್ಲದೆಯೂ ಉಪಯೋಗಕ್ಕೆ ಬರುವ ಕೆರ್ ಥರದವರನ್ನು ಇಡಿ. ಪಾಸ್ ಕೊಡೋನನ್ನು ಮರೀಬೇಡಿ, ಒಳ್ಳೇ ಪಾಸ್ ಸಿಕ್ಕರೆ ಶಾಟ್ ಬೀಳುವ ಸಾಧ್ಯತೆಯೂ ಏರುತ್ತೆ.

ನಾನು ಐವರಲ್ಲಿ ಮೂವರನ್ನು ಬಿಟ್ಟುಕೊಟ್ಟೆ. ತಂಡ ಈ ಸಲ ಎರಡನೇ ಸುತ್ತಿಗೆ ಹೋಯ್ತು, ಕಪ್ ಇನ್ನೂ ದೂರ ಇದೆ. ಭಾನುವಾರ ಬೆಳಗ್ಗೆ ಗೆಳೆಯರ ಜೊತೆ ಅಂಕಣಕ್ಕೂ ಹೋಗ್ತಾ ಇದ್ದೀನಿ. ಮೂಲೆಯಲ್ಲಿ ಬಾಲ್ ಸಿಕ್ಕರೆ ಈಗ ಎಸೀತೀನಿ. ಹೋದ ವಾರ ಒಂಬತ್ತು ಎಸೆದೆ, ಎರಡು ಬಿತ್ತು. ಕೋಚ್ ಸರ್ ಹೇಳಿದ್ದು ಸರಿಯೇ ಇರಬಹುದು. ಆದರೆ ಡಿಫೆಂಡರ್ ಈಗ ನನ್ನ ಹತ್ತಿರ ಬಂದು ನಿಲ್ತಾನೆ ಮಾರಾಯ್ರೇ!

ಮುಂದಿನ ಕಂತಿನಲ್ಲಿ ಸಿಗೋಣ. ಅಲ್ಲೀವರೆಗೂ ಆಡ್ತಾ ಇರಿ, ಕೇಳ್ತಾ ಇರಿ.