ಸುಶಿಕ್ಷಿತ ತರುಣರ ಹೊರವಲಸೆ: ಗಣೇಶಗುಡಿಯ ನೆಲೆಯಿಂದ ಒಂದು ವಿಚಾರ

ಸುಶಿಕ್ಷಿತ ತರುಣರು ತಮ್ಮ ರಾಜ್ಯವನ್ನು ಬಿಟ್ಟು ಅನ್ಯ ರಾಜ್ಯಗಳಿಗೆ ಉದ್ಯೋಗಾರ್ಥಿಗಳಾಗಿ ಹೋಗುವುದೇಕೆ ಎಂಬ ಪ್ರಶ್ನೆಗೆ ರೂಢಿಯಲ್ಲಿರುವ ಉತ್ತರ ಬಲು ಸರಳವಾದುದು: ಅಲ್ಲಿ ಸಂಬಳ ಹೆಚ್ಚು, ಇಲ್ಲಿ ಕಡಿಮೆ. ಈ ಉತ್ತರ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಸಂಬಳದ ಅಂತರವೊಂದೇ ಕಾರಣವಾಗಿದ್ದ ಪಕ್ಷದಲ್ಲಿ ಓದಿದವನೂ ಓದದವನೂ, ಇಪ್ಪತ್ತೈದರವನೂ ಐವತ್ತರವನೂ ಒಂದೇ ಪ್ರಮಾಣದಲ್ಲಿ ಹೊರಡಬೇಕಾಗಿತ್ತು, ಹಾಗೆ ಆಗುವುದಿಲ್ಲ. ಮೇಲಾಗಿ ‘ತಮ್ಮ ರಾಜ್ಯ’ ಎಂಬ ಮಾತು ಕೂಡ ತೋರುವಷ್ಟು ಸ್ಪಷ್ಟವಾದುದಲ್ಲ. ಈ ಎರಡು ತೊಡಕುಗಳನ್ನೂ ಒಂದೇ ಕಡೆಯಲ್ಲಿ ನಿಂತು ನೋಡಲು ಅನುಕೂಲವಾದ ನೆಲೆ ಗಣೇಶಗುಡಿ. ಆದುದರಿಂದ ಪ್ರಕೃತ ಲೇಖನದಲ್ಲಿ ಆ ಊರನ್ನೂ ಅದರ ಸುತ್ತಲ ಜೋಯಿಡಾ ತಾಲೂಕನ್ನೂ ದೃಷ್ಟಾಂತವಾಗಿ ತೆಗೆದುಕೊಂಡಿದ್ದೇವೆ.

ಗಣೇಶಗುಡಿ ಉತ್ತರ ಕನ್ನಡ ಜಿಲ್ಲೆಯ ಕಾಡಿನ ನಡುವಿನ ಒಂದು ಚಿಕ್ಕ ಊರು. ಕಾಳೀ ನದಿಗೆ ಸೂಪಾದಲ್ಲಿ ಕಟ್ಟಿದ ಅಣೆಕಟ್ಟಿನ ಕೆಲಸಕ್ಕಾಗಿ ಅದು ವಸತಿಯಾಗಿ ಬೆಳೆಯಿತು. 1970ರಲ್ಲಿ ಮೈಸೂರು ವಿದ್ಯುತ್ ನಿಗಮವೆಂಬ ಹೆಸರಿನಿಂದ ಸ್ಥಾಪಿತವಾಗಿ ಮುಂದೆ ಕರ್ನಾಟಕ ವಿದ್ಯುತ್ ನಿಗಮವಾದ ಸಂಸ್ಥೆ ಈ ಯೋಜನೆಯನ್ನು ನಡೆಸಿತು. ಅಣೆಕಟ್ಟಿನ ಎತ್ತರ 101 ಮೀಟರ್. ಅದರ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಜಲಾಶಯದ ಮುಖ್ಯ ಉಪಯೋಗವಾದರೋ ಕೆಳಗಿನ ನಾಗಝರಿಯೇ ಮೊದಲಾದ ವಿದ್ಯುದಾಗಾರಗಳಿಗೆ ವರ್ಷವಿಡೀ ನೀರನ್ನು ಒದಗಿಸುವುದು. ಈ ನೀರಿನಲ್ಲಿ ಹಳೆಯ ಸೂಪಾ ಪಟ್ಟಣವೂ ಹಲವು ಹಳ್ಳಿಗಳೂ ಮುಳುಗಿದವು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ನಿರ್ವಸಿತರಲ್ಲಿ ಅನೇಕರು ರಾಮನಗರದಲ್ಲಿ ನೆಲೆಗೊಂಡರು.

ಜಲವಿದ್ಯುತ್ ಯೋಜನೆಯೊಂದರ ಸ್ವಭಾವವನ್ನು ಇಲ್ಲಿ ಲಕ್ಷಿಸಬೇಕು. ಅದನ್ನು ಕಟ್ಟುವಾಗ ಕೆಲವು ವರ್ಷಗಳ ವರೆಗೆ ಸಾವಿರಾರು ಕೈಗಳು ಬೇಕಾಗುತ್ತವೆ. ಕಲ್ಲು ಒಡೆಯುವವರು, ಬಡಗಿಗಳು, ಲಾರಿ ನಡೆಸುವವರು, ಮೇಸ್ತ್ರಿಗಳು, ಓವರ್ಸಿಯರರು, ಎಂಜಿನಿಯರರು, ಅವರಿಗೆ ಅಂಗಡಿ ಇಡುವವರು, ಅವರ ಮಕ್ಕಳಿಗೆ ಪಾಠ ಹೇಳುವವರು, ಎಲ್ಲರೂ ಒಟ್ಟಿಗೆ ಬರುತ್ತಾರೆ. ಕಟ್ಟಿ ಮುಗಿದ ಮೇಲೆ ಅದೇ ಯಂತ್ರಗಳನ್ನು ನಡೆಸಲು ಬೇಕಾಗುವವರು ಬೆರಳೆಣಿಕೆಗೆ ಸಮೀಪದವರು. ಕಾಗದದ ಕಾರಖಾನೆಯ ಮಾತು ಬೇರೆ. 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಂಥದು ಉತ್ಪಾದನೆ ಇರುವವರೆಗೆ ಜನರನ್ನು ಬೇಡುತ್ತದೆ. ಅಣೆಕಟ್ಟು ಹಾಗಲ್ಲ. ಅದು ತನ್ನ ಊರಿಗೆ ಶಾಲೆಯನ್ನು, ದೀಪವನ್ನು, ಡಾಂಬರು ರಸ್ತೆಯನ್ನು ಕೊಟ್ಟು, ಆ ಶಾಲೆಯಲ್ಲಿ ಓದಿದವರಿಗೆ ಕೆಲಸವನ್ನು ಮಾತ್ರ ಕೊಡಲಾರದೆ ಉಳಿಯುತ್ತದೆ. ಕೊಟ್ಟರೂ ಅದು ಸ್ಥಳೀಯವಾದ ಕೆಲಸವೆನ್ನುವಂತಿಲ್ಲ. ನಿಗಮವು ಇಡೀ ರಾಜ್ಯಕ್ಕೆ ಸೇರಿದುದು. ಜೋಯಿಡಾದ ಹುಡುಗನು ಅದರಲ್ಲಿ ಆಯ್ಕೆಯಾದರೂ ಅವನ ನೇಮಕ ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಆಗಬಹುದು, ಗಣೇಶಗುಡಿಗೆ ಮತ್ತೊಂದು ಜಿಲ್ಲೆಯವನು ಬರಬಹುದು. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಊರ ಪಕ್ಕದಲ್ಲಿಯೇ ಉತ್ಪನ್ನವಾಗುವ ವಿದ್ಯುತ್ತಿಗೂ ಊರಿನ ತರುಣನ ಜೀವನೋಪಾಯಕ್ಕೂ ನೇರವಾದ ಸಂಬಂಧವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಈಗ ಓದಿನ ವಿಷಯ. ಶ್ರಮವಿಭಜನೆಯು ಮಾರುಕಟ್ಟೆಯ ವಿಸ್ತಾರಕ್ಕೆ ಬದ್ಧವಾದುದೆಂದು ಆಡಂ ಸ್ಮಿತ್ 1776ರಲ್ಲಿಯೇ ಪ್ರತಿಪಾದಿಸಿದ್ದನು. ಸುಶಿಕ್ಷಿತರ ವಲಸೆಯನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಬೀಗದಕೈ ನಮಗೆ ಕಂಡಿಲ್ಲ. 2011ರ ಜನಗಣತಿಯಂತೆ ಜೋಯಿಡಾ ತಾಲೂಕಿನ ಜನಸಂಖ್ಯೆ ಸುಮಾರು 52 ಸಾವಿರ. ಚದರ ಕಿಲೋಮೀಟರಿಗೆ ಮೂವತ್ತು ಜನರೂ ಇಲ್ಲ. ಅದೇ ವರ್ಷ ರಾಜ್ಯದ ಸರಾಸರಿ 319 ಆಗಿತ್ತು. ಇಷ್ಟು ವಿರಳವಾದ ಜನವಸತಿಗೆ ಕೆಲವು ಶಿಕ್ಷಕರು, ಕೆಲವು ದಾದಿಯರು, ಬ್ಯಾಂಕಿನ ಕೆಲವು ಗುಮಾಸ್ತರು ಸಾಕು. ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದವನಿಗೆ ಪ್ರಯೋಗಶಾಲೆ ಬೇಕು. ಲೆಕ್ಕಪತ್ರ ಕಲಿತವನಿಗೆ ಲೆಕ್ಕ ಬರೆಸುವಷ್ಟು ವಹಿವಾಟಿರುವ ಸಂಸ್ಥೆಗಳು ಬೇಕು. ವಿದ್ಯುತ್ ವಿಭಾಗದ ಡಿಪ್ಲೊಮಾ ಪಡೆದವನಿಗೆ ಒಂದು ವಿದ್ಯುದಾಗಾರವಿದ್ದರೆ ಸಾಲದು, ಅದರಲ್ಲಿ ಖಾಲಿ ಜಾಗವಿರಬೇಕು. ಹಳಿಯಾಳದಲ್ಲಿ 2004ರಿಂದ ಎಂಜಿನಿಯರಿಂಗ್ ಕಾಲೇಜಿದೆ. ದಾಂಡೇಲಿಯಲ್ಲಿಯೂ ಜೋಯಿಡಾದಲ್ಲಿಯೂ ಪದವಿ ಕಾಲೇಜುಗಳಿವೆ. ವಿದ್ಯೆಯು ಹತ್ತಿರಕ್ಕೆ ಬಂದಿತು, ಆದರೆ ವಿದ್ಯೆಯನ್ನು ಕೊಳ್ಳುವ ಮಾರುಕಟ್ಟೆ ಅದರ ಜೊತೆಗೆ ಬರಲಿಲ್ಲ. ಓದಿದಷ್ಟೂ ಕೆಲಸದ ಬಗೆ ವಿಶೇಷವಾಗುತ್ತ ಹೋಗುತ್ತದೆ. ವಿಶೇಷವಾದಷ್ಟೂ ಅದು ದೊರೆಯುವ ಸ್ಥಳಗಳು ಕಡಿಮೆಯಾಗುತ್ತ ಹೋಗುತ್ತವೆ.

ಓದದವರು ಹೊರಗೆ ಹೋಗುವುದಿಲ್ಲವೆಂದು ಇದರ ಅರ್ಥವಲ್ಲ. ಉತ್ತರ ಕರ್ನಾಟಕದ ಬಯಲುಸೀಮೆಯಿಂದ ಗೋವೆಯ ಕಟ್ಟಡಗೆಲಸಕ್ಕೆ ಹೋದ ಕೂಲಿಕಾರರು ಬಹಳ ಮಂದಿ. ಅಂಥವರಲ್ಲಿ ಅನೇಕರು ಮಳೆಗಾಲಕ್ಕೆ ತಿರುಗಿ ಬಂದು ಹೊಲಕ್ಕೆ ಇಳಿಯುತ್ತಾರೆ. ಗದ್ದೆ ಇದ್ದ ಜಾಗದಲ್ಲಿಯೇ ಇರುತ್ತದೆ, ಒಡೆಯನನ್ನು ಕರೆಯುತ್ತಲೂ ಇರುತ್ತದೆ. ಪದವಿಪತ್ರ ಕೈಚೀಲದಲ್ಲಿ ಹೋಗುತ್ತದೆ. ಓದಿದವನು ಹೆಚ್ಚು ಹೋಗುತ್ತಾನೆಂಬುದಕ್ಕಿಂತ ಹೋದವನು ತಿರುಗಿ ಬರುವುದು ಕಷ್ಟವೆಂಬುದೇ ಗಮನಾರ್ಹವಾದ ಭೇದ.

ಅರ್ಥಶಾಸ್ತ್ರಜ್ಞರು ಹೇಳಿದ ಎರಡು ಮಾತುಗಳನ್ನು ಇಲ್ಲಿ ವಿವರಿಸುವುದು ಉಚಿತ. 1962ರಲ್ಲಿ ಲ್ಯಾರಿ ಸ್ಯಾಸ್ಟಡ್ ಎಂಬವನು ವಲಸೆಯನ್ನು ಒಂದು ಬಂಡವಾಳ ಹೂಡಿಕೆಯಂತೆ ನೋಡಬೇಕೆಂದನು. ಹೋಗುವ ಖರ್ಚು, ಮನೆ ಹುಡುಕುವ ಕಷ್ಟ, ಬಂಧುಗಳಿಂದ ಅಗಲಿಕೆ, ಇವೆಲ್ಲವನ್ನು ಮೊದಲಿಗೇ ತೆರಬೇಕಾಗುತ್ತದೆ. ಲಾಭವಾದರೋ ಮುಂದಿನ ವರ್ಷಗಳಲ್ಲಿ ಹಂಚಿ ಬರುತ್ತದೆ. ಇಪ್ಪತ್ತೈದರವನಿಗೆ ಆ ವರ್ಷಗಳು ಹೆಚ್ಚು, ಐವತ್ತರವನಿಗೆ ಕಡಿಮೆ. ತರುಣರೇ ಹೋಗುವುದಕ್ಕೆ ಸಾಹಸಪ್ರವೃತ್ತಿಯನ್ನು ಕಾರಣವಾಗಿ ಹೇಳಬೇಕಾದ ಅಗತ್ಯವಿಲ್ಲವೆಂದಾಯಿತು. ಎರಡನೆಯದು 1969ರಲ್ಲಿ ಮೈಕೆಲ್ ಟೊಡಾರೊ ಮಂಡಿಸಿದ ವಿಚಾರ: ಹೊರಡುವವನು ತೂಗಿನೋಡುವುದು ಅಲ್ಲಿಯ ಸಂಬಳವನ್ನಲ್ಲ, ಅದು ದೊರೆಯುವ ಸಂಭವದೊಡನೆ ಗುಣಿಸಿದ ಸಂಬಳವನ್ನು. ಕಲ್ಪಿತ ಉದಾಹರಣೆಯೊಂದನ್ನು ಕೊಡುತ್ತೇವೆ. ಊರಿನಲ್ಲಿ ತಿಂಗಳಿಗೆ 10,000 ರೂಪಾಯಿ ಖಚಿತವಾಗಿ ಸಿಗುತ್ತದೆನ್ನೋಣ. ಹೊರಗೆ 25,000 ಸಿಗುತ್ತದೆ, ಆದರೆ ಸಿಗುವ ಸಂಭವ ಎರಡರಲ್ಲಿ ಒಂದು. ಅದರ ಬೆಲೆ 12,500. ಆದುದರಿಂದ ಹೋಗುವುದೇ ಲೇಸು. ಸಂಭವ ಮೂರರಲ್ಲಿ ಒಂದಾದರೆ ಬೆಲೆ 8,333ಕ್ಕೆ ಇಳಿಯುತ್ತದೆ. ಆಗ ಉಳಿಯುವುದು ಲೇಸು. ವಿದ್ಯೆ ಮಾಡುವ ಕೆಲಸವೆಂದರೆ ಈ ಸಂಭವವನ್ನು ಏರಿಸುವುದು. ಮೊದಲೇ ಅಲ್ಲಿಗೆ ಹೋಗಿ ನೆಲೆಸಿದ ಅಣ್ಣನೋ ಸೋದರಮಾವನೋ ಇದ್ದರೆ ಅದು ಇನ್ನೂ ಏರುತ್ತದೆ. ಯಾವ ಸೂತ್ರದಲ್ಲಿಯೂ ಸೋದರಮಾವನಿಗೆ ತಕ್ಕ ಸ್ಥಾನ ದೊರೆತಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನು ‘ತಮ್ಮ ರಾಜ್ಯ’ದ ತೊಡಕು. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ 1956ರ ವರೆಗೆ ಅದರಲ್ಲಿಯೇ ಇದ್ದಿತು. ಆ ಕಾಲದಲ್ಲಿ ಈ ಜಿಲ್ಲೆಯಿಂದ ಮುಂಬಯಿಗೆ ನೌಕರಿಗಾಗಿ ಹೋದವರು ತಮ್ಮ ಪ್ರಾಂತದ ರಾಜಧಾನಿಗೆ ಹೋದರೇ ಹೊರತು ಪರನಾಡಿಗಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದೇ ಪ್ರಯಾಣ ಅಂತರರಾಜ್ಯ ವಲಸೆಯಾಯಿತು. ಗೋವೆಯಾದರೋ 1961ರ ಡಿಸೆಂಬರ್ 19ರ ವರೆಗೆ ಪೋರ್ಚುಗೀಸರ ಅಧೀನದಲ್ಲಿದ್ದ ವಿದೇಶ, ಬಳಿಕ ಕೇಂದ್ರಾಡಳಿತ ಪ್ರದೇಶ, 1987ರಿಂದ ರಾಜ್ಯ. ಜನರು ಚಲಿಸಿದಂತೆಯೇ ಗಡಿಗಳೂ ಚಲಿಸಿವೆ.

ಗಣೇಶಗುಡಿಯಿಂದ ಬೆಂಗಳೂರು 450 ಕಿಲೋಮೀಟರಿಗೂ ದೂರ. ಜಗಲಬೇಟ, ರಾಮನಗರ, ಅನಮೋಡಗಳ ಮೇಲಿಂದ ಘಟ್ಟ ಇಳಿದು ಮೊಲೆಮ್ ದಾಟಿದರೆ ಸಿಗುವ ಫೋಂಡಾ ಅದರ ಕಾಲು ಪಾಲು ದೂರವೂ ಅಲ್ಲ. ತಾಲೂಕಿನ ಬಹುಮಂದಿಯ ಮನೆಮಾತು ಕೊಂಕಣಿ. ಅದೇ ಗೋವೆಯ ರಾಜ್ಯಭಾಷೆ. ಬೆಂಗಳೂರಿಗೆ ಹೋದ ಜೋಯಿಡಾದ ಹುಡುಗ ರಾಜ್ಯವನ್ನು ಬಿಟ್ಟವನಲ್ಲ, ಆದರೆ ದೂರ ಹೋದವನು. ವೆರ್ಣಾದ ಔಷಧ ಕಾರಖಾನೆಯ ಪ್ರಯೋಗಶಾಲೆಗೆ ಸೇರಿದ ಅವನ ಗೆಳೆಯ ರಾಜ್ಯವನ್ನು ಬಿಟ್ಟವನು, ಆದರೆ ಹತ್ತಿರವೇ ಇರುವವನು. ವಲಸೆಗಾರರಲ್ಲಿ ಹೆಚ್ಚಿನವರು ಸಮೀಪಕ್ಕೇ ಹೋಗುತ್ತಾರೆಂದು ರೇವನ್‌ಸ್ಟೈನ್ 1885ರಲ್ಲಿ ಇಂಗ್ಲೆಂಡಿನ ಜನಗಣತಿಯಿಂದ ಕಂಡುಕೊಂಡ ನಿಯಮ ಇಲ್ಲಿ ಕಾಣುವುದು ಹೀಗೆ. ಊರನ್ನು ಬಿಡುವುದೇ ದೊಡ್ಡ ಹೆಜ್ಜೆ. ರಾಜ್ಯದ ಗಡಿ ಆ ದಾರಿಯಲ್ಲಿ ಸಿಗುವ ಒಂದು ತಪಾಸಣೆಯ ನಾಕೆ.

ಆದರೂ ಗಡಿಗೆ ಬೆಲೆಯೇ ಇಲ್ಲವೆನ್ನಲಾಗದು. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ಅನುಚ್ಛೇದ ಕೊಟ್ಟಿದೆ. ಗೋವಾ ಸರಕಾರದ ನೌಕರಿಗೆ ಮಾತ್ರ ಸಾಮಾನ್ಯವಾಗಿ ಅಲ್ಲಿ 15 ವರ್ಷ ವಾಸಿಸಿದ ಪ್ರಮಾಣಪತ್ರ ಬೇಕಾಗುತ್ತದೆ. ಆದುದರಿಂದ ಗಡಿ ದಾಟಿದ ಪದವೀಧರನ ಪಾಲಿಗೆ ಕಾರಖಾನೆ, ಹೊಟೇಲು, ಖಾಸಗೀ ಆಸ್ಪತ್ರೆ ಇವೇ ಉಳಿಯುತ್ತವೆ. ನಿವೃತ್ತಿವೇತನದ ಭದ್ರತೆಯುಳ್ಳ ಕೆಲಸ ಇತ್ತ ತನ್ನ ರಾಜ್ಯದಲ್ಲಿ ಸ್ಪರ್ಧೆಯಿಂದಲೂ, ಅತ್ತ ಆ ರಾಜ್ಯದಲ್ಲಿ ನಿಯಮದಿಂದಲೂ ದೂರವೇ ಆಗಿರುತ್ತದೆ.

ಸ್ಥಳೀಯರಿಗೆ ಉದ್ಯೋಗದಲ್ಲಿ ಮೀಸಲಾತಿ ಬೇಕೆಂಬ ವಾದವನ್ನು ಈ ಬೆಳಕಿನಲ್ಲಿ ನೋಡಬೇಕಾಗಿದೆ. ಕನ್ನಡಿಗರಿಗೆ ಉದ್ಯೋಗ ದೊರಕಿಸುವ ಕುರಿತು ಡಾ. ಸರೋಜಿನಿ ಮಹಿಷಿಯವರ ಸಮಿತಿ 1980ರ ದಶಕದಲ್ಲಿ ವರದಿಯನ್ನು ಕೊಟ್ಟಿತು. 2024ರ ಜುಲೈಯಲ್ಲಿ ಖಾಸಗೀ ಉದ್ಯಮಗಳಲ್ಲಿ ಸ್ಥಳೀಯರಿಗೆ ಪಾಲನ್ನು ನಿಗದಿಮಾಡುವ ವಿಧೇಯಕಕ್ಕೆ ರಾಜ್ಯ ಮಂತ್ರಿಮಂಡಲ ಒಪ್ಪಿಗೆಯಿತ್ತು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಈ ವಾದದ ಹಿಂದಿರುವ ಕಳಕಳಿ ನಮಗೆ ಅರ್ಥವಾಗುತ್ತದೆ. ಆದರೆ ಅದು ಬೆಂಗಳೂರನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದ ವಾದ: ಅಲ್ಲಿ ಕೆಲಸಗಳಿವೆ, ಅವುಗಳನ್ನು ಯಾರು ಪಡೆಯಬೇಕೆಂಬುದು ಪ್ರಶ್ನೆ. ಜೋಯಿಡಾದಲ್ಲಿ ಹೊರಗಿನವನು ಬಂದು ಕಸಿದುಕೊಂಡ ಕೆಲಸವಿಲ್ಲ. ಆ ಬಗೆಯ ಕೆಲಸವೇ ಇಲ್ಲ. ಬೆಂಗಳೂರಿನ ತರುಣನಿಗೆ ಹಿತವೆನಿಸುವ ಇಂಥ ಕಾಯಿದೆಯನ್ನು ಗೋವೆಯೂ ತನ್ನ ಖಾಸಗೀ ಕಾರಖಾನೆಗಳಿಗೆ ಅನ್ವಯಿಸಿದರೆ ಅದರ ಪೆಟ್ಟು ಬೀಳುವುದು ಕಾಳೀ ದಡದ ಕನ್ನಡ ಶಾಲೆಗಳಲ್ಲಿ ಕಲಿತ ಹುಡುಗರ ಮೇಲೆ. ರಾಜ್ಯವೊಂದನ್ನೇ ಘಟಕವಾಗಿ ಹಿಡಿದು ಲೆಕ್ಕ ಹಾಕಿದರೆ ಇದು ಕಾಣುವುದೇ ಇಲ್ಲ. ಏಕೆಂದರೆ ಬೆಂಗಳೂರಿಗೆ ಒಳಬರುವವರ ಪ್ರವಾಹದಲ್ಲಿ ಜೋಯಿಡಾದಿಂದ ಹೊರಹೋಗುವವರ ತೊರೆ ಅಡಗಿಹೋಗುತ್ತದೆ.

ಊರಿನಲ್ಲಿಯೇ ಹೊಸ ಕೆಲಸಗಳು ಹುಟ್ಟಿಲ್ಲವೇ ಎಂದರೆ, ಹುಟ್ಟಿವೆ. ಸೂಪಾದಿಂದ ಬಿಡುವ ನೀರಿನ ರಭಸವನ್ನು ನೆಚ್ಚಿ ಗಣೇಶಗುಡಿಯಲ್ಲಿ ರಬ್ಬರ್ ದೋಣಿಗಳ ಜಲಕ್ರೀಡೆ ಬೆಳೆದಿದೆ. ಸುತ್ತಲೂ ರೆಸಾರ್ಟುಗಳೂ ಹೋಂಸ್ಟೇಗಳೂ ಎದ್ದಿವೆ. ದೋಣಿ ನಡೆಸುವವರು, ಅಡಿಗೆಯವರು, ವಾಹನದವರು ಇದರಿಂದ ಬದುಕುತ್ತಾರೆ. ಇದನ್ನು ಹಗುರವಾಗಿ ಕಾಣಬಾರದು. ಆದರೆ ವಾರದ ಕೊನೆಗೂ ರಜೆಗಳಿಗೂ ಕಟ್ಟುಬಿದ್ದ ಈ ದುಡಿಮೆ ಪದವೀಧರನ ವಿದ್ಯೆಯನ್ನು ಕೇಳುವುದಿಲ್ಲ. ಕಾರಖಾನೆಗಳನ್ನು ತರೋಣವೆಂದರೆ ಸುತ್ತಲಿನ ಕಾಡು 2007ರಿಂದ ಹುಲಿ ಸಂರಕ್ಷಿತ ಪ್ರದೇಶ. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರಾಯಿತು. ಕಾಡು ಉಳಿಯಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆ ಉಳಿವಿನ ಖರ್ಚಿನ ಒಂದು ಭಾಗವನ್ನು ಇಲ್ಲಿಯ ತರುಣರು ಊರು ಬಿಟ್ಟು ತೆರುತ್ತಿದ್ದಾರೆಂಬುದನ್ನು ಯಾವ ಇಲಾಖೆಯ ಲೆಕ್ಕದಲ್ಲಾದರೂ ಬರೆದಿಡಬೇಕು.

ಲೆಕ್ಕದ ಮಾತು ಬಂದುದರಿಂದ ವಿದ್ಯಾರ್ಥಿಗಳಿಗಾಗಿ ಒಂದು ಎಚ್ಚರಿಕೆ. ಜನಗಣತಿಯು ವಲಸೆಯ ಕಾರಣವನ್ನು ಕೆಲಸ, ವ್ಯಾಪಾರ, ಶಿಕ್ಷಣ, ಮದುವೆ ಮುಂತಾಗಿ ಒಂದೊಂದೇ ಕಲಮಿನಲ್ಲಿ ಬರೆದುಕೊಳ್ಳುತ್ತದೆ. ರಾಮನಗರದ ಹುಡುಗಿಯೊಬ್ಬಳು ನರ್ಸಿಂಗ್ ಕಲಿತು, ಮಡಗಾಂವಿಗೆ ಮದುವೆಯಾಗಿ ಹೋಗಿ, ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳೆನ್ನೋಣ. ಗಣತಿಯಲ್ಲಿ ಅವಳು ಮದುವೆಯ ಕಲಮಿಗೆ ಸೇರುತ್ತಾಳೆ. ಅವಳ ವಿದ್ಯೆಯಾಗಲಿ ದುಡಿಮೆಯಾಗಲಿ ವಲಸೆಯ ಕಾರಣಗಳಲ್ಲಿ ಕಾಣಿಸುವುದಿಲ್ಲ. 2021ರಲ್ಲಿ ಆಗಬೇಕಾಗಿದ್ದ ಗಣತಿ ಮುಂದಕ್ಕೆ ಹೋದುದರಿಂದ 2011ರ ಅಂಕಿಗಳನ್ನೇ ಬಹುಕಾಲ ನೆಚ್ಚಬೇಕಾಯಿತು. ಅವುಗಳ ಮೇಲಿಂದ ತಾಲೂಕಿನ ಮಟ್ಟದ ನಿರ್ಣಯಕ್ಕೆ ಬರುವ ಮೊದಲು ಚೌತಿಯ ಹಿಂದಿನ ದಿನ ರಾಮನಗರದ ಬಸ್ ನಿಲ್ದಾಣದಲ್ಲಿ ಅರ್ಧ ದಿವಸ ನಿಂತು, ಗೋವೆಯ ಕಡೆಯಿಂದ ಬಂದು ಇಳಿಯುವವರನ್ನು, ಅವರು ಯಾವ ಕೆಲಸದಲ್ಲಿದ್ದಾರೆ, ಏನು ಓದಿದ್ದಾರೆ, ಯಾರ ಮೂಲಕ ಹೋದರು ಎಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.