ಹಂಡೆಯ ಬಿಸಿ ಹಾಳಾಗದಿರಲಿ

ಚಳಿಗಾಲ ಬಂತೆಂದರೆ ಬಚ್ಚಲ ಖರ್ಚೇ ಒಂದು ಚಿಂತೆ, ಅಲ್ಲವೇ? ನೀವೇ ಲೆಕ್ಕ ಹಾಕಿ: 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು ಅರ್ಧ ಯೂನಿಟ್ ಕರೆಂಟು ಬೇಕು. ಐದು ಜನರ ಮನೆಗೆ ತಿಂಗಳಿಗೆ 70 ಯೂನಿಟ್ ಆಯಿತು!

ಹಿತ್ತಲಲ್ಲಿ ತೆಂಗಿನ ಗರಿ, ಕರಟ ಸಿಗುವವರಿಗೆ ಹಂಡೆಯೇ ಅಗ್ಗ. ಚೆನ್ನಾಗಿ ಒಣಗಿದ್ದನ್ನೇ ಉರಿಸಿ. ಹಸಿ ಸೌದೆಯ ಶಾಖ ಅದರ ನೀರನ್ನು ಆರಿಸುವುದಕ್ಕೇ ಹೋಗುತ್ತದೆ, ಹೊಗೆ ಬೇರೆ. ಮುಚ್ಚಳ ಮಾತ್ರ ಮರೆಯಬೇಡಿ, ಬಿಸಿಯೆಲ್ಲ ಹಬೆಯಾಗಿ ಹಾರಿಹೋದೀತು. ಉರಿ ಆರಿದ ಮೇಲೆ ನಾನು ಮುಚ್ಚಳದ ಮೇಲೊಂದು ಗೋಣಿ ಮಡಿಸಿ ಹಾಕುತ್ತೇನೆ. ಎಲ್ಲರದೂ ಆದ ಮೇಲೆ ಸ್ನಾನಕ್ಕೆ ಹೋಗುವ ನನಗೂ ಈಗ ಬಿಸಿನೀರು ಉಳಿಯುತ್ತದೆ!

ಕೆಂಡವಿರಲಿ, ಗ್ಯಾಸ್ ಗೀಸರ್ ಇರಲಿ, ಚಳಿಯೆಂದು ಬಚ್ಚಲ ಕಿಟಕಿ ಮುಚ್ಚಬೇಡಿ. ಆ ವಿಷಗಾಳಿಗೆ ವಾಸನೆಯಿಲ್ಲ. ಉಳಿತಾಯ ಪ್ರಾಣಕ್ಕೆ ಎರವಾಗಬಾರದು.