ಅಕ್ಷರ ಬಾರದ ಮಗುವಿನ ಕಣ್ಣು ನೋಡುವುದು ಹೇಗೆ?

ಒಂದು ಕಣ್ಣು ಮಂಜಾಗಿದ್ದರೂ ಮೂರು ವರ್ಷದ ಮಗು ದೂರುವುದಿಲ್ಲ. ಹುಟ್ಟಿದಾಗಿನಿಂದ ಕಂಡಿದ್ದೇ ಅಷ್ಟು. ಇನ್ನೊಂದು ಕಣ್ಣಿನ ಬಲದಲ್ಲಿ ಆಟ ಓಟ ಎಲ್ಲ ನಡೆಯುವುದರಿಂದ ಮನೆಯವರಿಗೂ ಅನುಮಾನ ಬರುವುದಿಲ್ಲ. ಈ ನಡುವೆ ಮಿದುಳು ಮಂಜಾದ ಕಣ್ಣನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟುಬಿಡುತ್ತದೆ. ಇದೇ ಆಂಬ್ಲಿಯೋಪಿಯಾ, ಅಂದರೆ ‘ಸೋಮಾರಿ ಕಣ್ಣು’. ಕನ್ನಡಕ ಕೊಟ್ಟು, ಬೇಕಾದರೆ ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿ ಇದನ್ನು ಸರಿಪಡಿಸಬಹುದು. ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಹೆಚ್ಚು, ತಡವಾದಷ್ಟೂ ಕಡಿಮೆ.

ಬೆರಳೇ ಉತ್ತರ

ಕೊಯಮತ್ತೂರು ಜಿಲ್ಲೆಯ ಸಿರುಮುಗೈಯಲ್ಲಿ ದೇವಾಂಗ ನೇಕಾರರ ಮನೆಮಾತು ಕನ್ನಡ. ಅಂಗನವಾಡಿಯ ಮಾತು ತಮಿಳು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ದುಡಿಯಲು ಬಂದವರ ಮಕ್ಕಳು ಒಡಿಯಾ, ಹಿಂದಿ ಆಡುತ್ತಾರೆ. ಇಂಥಲ್ಲಿ ದೂರದಿಂದ ಚಿತ್ರ ತೋರಿಸಿ ಹೆಸರು ಕೇಳಿದಾಗ ಮಗು ಸುಮ್ಮನಿದ್ದರೆ ಕಣ್ಣು ಕಾಣಲಿಲ್ಲವೋ, ಪದ ಗೊತ್ತಿಲ್ಲವೋ?

ಈ ತೊಡಕಿಗೆ ಒಳ್ಳೆಯ ಪರಿಹಾರ ಫಿನ್ಲೆಂಡಿನ ವೈದ್ಯೆ ಲೇಯಾ ಹ್ಯುವಾರಿನೆನ್ 1976ರಲ್ಲಿ ರೂಪಿಸಿದ ಚಿತ್ರಪಟ. ಅದರಲ್ಲಿರುವುದು ಸೇಬು, ಮನೆ, ವೃತ್ತ, ಚೌಕ ಎಂಬ ನಾಲ್ಕೇ ಆಕಾರ. ಮೊದಲು ಹತ್ತಿರದಲ್ಲಿ ತೋರಿಸಿ ಪರಿಚಯ ಮಾಡಿಸುತ್ತಾರೆ. ನಾಲ್ಕೂ ಆಕಾರವಿರುವ ಕಾರ್ಡನ್ನು ಮಗುವಿನ ಮಡಿಲಲ್ಲಿಟ್ಟು, ಮೂರು ಮೀಟರ್ ದೂರದಿಂದ ಒಂದೊಂದೇ ಚಿತ್ರ ತೋರಿಸುತ್ತಾರೆ. ಅದೇ ಆಕಾರದ ಮೇಲೆ ಮಗು ಬೆರಳಿಟ್ಟರೆ ಸಾಕು, ಹೆಸರು ಹೇಳಬೇಕಿಲ್ಲ. ಒಂದೊಂದು ಕಣ್ಣನ್ನೂ ಬೇರೆಯಾಗಿಯೇ ನೋಡಬೇಕು. ಮುಚ್ಚುವುದಕ್ಕೆ ಮಗುವಿನ ಅಂಗೈ ಬೇಡ, ಬೆರಳಸಂದಿಯಲ್ಲಿ ಇಣುಕುತ್ತದೆ, ಅಂಟುಪಟ್ಟಿಯೇ ಲೇಸು. ಎರಡು ಕಣ್ಣಿನ ನಡುವೆ ಪಟದ ಎರಡು ಸಾಲಿನ ಅಂತರ ಬಂದರೆ ನೇತ್ರತಜ್ಞರಿಗೆ ತೋರಿಸಬೇಕು. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದು ಮುಚ್ಚಿದೊಡನೆ ಅತ್ತು ಕೈ ತಳ್ಳಿದರೆ ಅದೂ ಒಂದು ಸುಳಿವು.

ಇನ್ನೂ ಚಿಕ್ಕವರಿಗೆ

ಕೂಸುಗಳಿಗೆ ನೇತ್ರದರ್ಶಕದ ಬೆಳಕು ಹಾಯಿಸಿ ಎರಡೂ ಪಾಪೆಗಳಲ್ಲಿ ಒಂದೇ ಬಗೆಯ ಕೆಂಪು ಹೊಳಪು ಇದೆಯೇ ಎಂದು ನೋಡುತ್ತಾರೆ. ಬಿಳಿ ಕಂಡರೆ ಪೊರೆಯೋ ಕಣ್ಣಿನ ಕ್ಯಾನ್ಸರೋ ಇರಬಹುದು. ಒಂದು ದಿನವೂ ಕಾಯಬಾರದು. ಫೋಟೋಸ್ಕ್ರೀನರ್ ಎಂಬ ಕ್ಯಾಮೆರಾದಂಥ ಯಂತ್ರ ಸುಮಾರು ಒಂದು ಮೀಟರ್ ದೂರದಿಂದ ಕ್ಷಣಾರ್ಧದಲ್ಲಿ ದೃಷ್ಟಿದೋಷದ ಅಂದಾಜು ಕೊಡುತ್ತದೆ. ಆದರೆ ಅದು ದೃಷ್ಟಿಯನ್ನೇ ಅಳೆಯುವುದಿಲ್ಲ, ಅಪಾಯದ ಸೂಚನೆ ಕೊಡುತ್ತದೆ ಅಷ್ಟೇ.

ಎಲ್ಲಿ ತೋರಿಸುವುದು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ದೃಷ್ಟಿದೋಷವೂ ಅದರ ಪಟ್ಟಿಯಲ್ಲಿದೆ. ಕೊಯಮತ್ತೂರಿನಲ್ಲಿ ಶಂಕರ ಮತ್ತು ಅರವಿಂದ್ ಕಣ್ಣಾಸ್ಪತ್ರೆಗಳಿವೆ, ತಿರುಪ್ಪೂರಿನಲ್ಲೂ ಅರವಿಂದ್ ಇದೆ. ಶಾಲಾಮಕ್ಕಳಿಗೆ ಉಚಿತ ಕನ್ನಡಕ ಕೊಡುವ ಯೋಜನೆಗಳೂ ಇವೆ, ಆದರೆ ಶಾಲೆಗೆ ಸೇರುವವರೆಗೆ ಕಾದರೆ ಅಮೂಲ್ಯ ವರ್ಷಗಳು ಕಳೆದಿರುತ್ತವೆ.

ತಪಾಸಣೆಯಲ್ಲಿ ದೋಷವಿದೆ ಎಂಬ ಚೀಟಿ ಬಂದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯದಿದ್ದರೆ ಮಾಡಿದ ಪರೀಕ್ಷೆಯೆಲ್ಲ ವ್ಯರ್ಥ. ಮಗು ಮೂರು ತುಂಬಿದೊಡನೆ ಒಮ್ಮೆ ಎರಡೂ ಕಣ್ಣನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ. ಚೀಟಿ ಬಂದರೆ ಆ ವಾರವೇ ಆಸ್ಪತ್ರೆಗೆ ಹೋಗಿ.